ಮೂಲೆಮನೆ ಬಳಗ: ಜನವರಿಯ ಪಾಂಟನಾಲ್ ವಾದ

ಗಿರೀಶ ಮಾವ (ಫಾರ್ವರ್ಡ್): ಜಗತ್ತಿನ ಅತಿ ದೊಡ್ಡ ಜೌಗುನಾಡು ಬ್ರೆಜಿಲ್‌ನ ಪಾಂಟನಾಲ್!! ಜನವರಿಯಲ್ಲಿ ನೀರು ತುಂಬಿ ತುಳುಕುವಾಗಲೇ ಪ್ರಾಣಿಗಳ ಜಾತ್ರೆ. ಚಿರತೆಯಂಥ ಜಾಗ್ವಾರ್ ಕಾಣೋದು ಗ್ಯಾರಂಟಿ. ಹಳದಿ ಜ್ವರದ ಲಸಿಕೆ ಹೊರಡುವ ಹಿಂದಿನ ದಿನ ಹಾಕಿಸಿದರೂ ನಡೆಯುತ್ತದೆ. 10 ಜನಕ್ಕೆ ಕಳಿಸಿ.

ಗಿರೀಶ ಮಾವ: ನಾನು ಹೇಳ್ತಾನೇ ಇದ್ದೆ. ಸಂಕ್ರಾಂತಿ ಮುಗಿಸಿ ಎಲ್ಲರೂ ಹೊರಡೋಣ.

ಶೋಭಾ: ಮಾವ, ಇದನ್ನ ಬರೆದವರು ಯಾರು? ಎಲ್ಲಿಂದ ಬಂತು?

ಗಿರೀಶ ಮಾವ: ನಿನಗೆ ಎಲ್ಲದಕ್ಕೂ ಆಧಾರ ಬೇಕು. ದಾಂಡೇಲಿಗೆ ಹೊರಟಾಗಲೂ ಹೀಗೇ ಅಡ್ಡಗಾಲು ಹಾಕಿದ್ದೆ.

ಶೋಭಾ: ದಾಂಡೇಲಿ ವಿಷಯ ಬಿಡಿ. ಜನವರಿ ಅಲ್ಲಿ ಮಳೆಗಾಲ. ಆ ನೆಲ ಎಷ್ಟು ಸಪಾಟು ಅಂದ್ರೆ ಕಿಲೋಮೀಟರಿಗೆ ಕೆಲವೇ ಸೆಂಟಿಮೀಟರ್ ಇಳಿಜಾರು. ಬಂದ ನೀರು ತಿಂಗಳುಗಟ್ಟಲೆ ಹರಡಿಕೊಂಡೇ ಇರುತ್ತೆ, ಪ್ರಾಣಿಗಳು ಮರ ಇರೋ ದಿಬ್ಬಗಳಿಗೆ ಚದುರಿ ಹೋಗ್ತವೆ. ಜಾಗ್ವಾರ್‌ಗೆ ಜುಲೈಯಿಂದ ಅಕ್ಟೋಬರ್. ಹೊಳೆ ಇಳಿದು ಮರಳುದಂಡೆ ಮೇಲೆದ್ದಾಗ ಕೈಮನ್ ಮೊಸಳೆಗಳು ಅಲ್ಲಿ ಬಿಸಿಲು ಕಾಯ್ತಾ ಮಲಗ್ತವೆ. ಅವನ್ನ ಹಿಡಿಯೋಕೆ ಜಾಗ್ವಾರ್ ದಂಡೆಗೆ ಬರುತ್ತೆ. ದೋಣಿಯಲ್ಲಿ ಕೂತವರಿಗೆ ಕಾಣೋದು ಆಗ.

ವಿನಯ: ಅಯ್ಯೋ ಕಬಿನಿ ನೆನಪಾಯ್ತು. ಬೇಸಿಗೆಯಲ್ಲಿ ಹಿನ್ನೀರು ಇಳಿದು ಹಸಿರು ಹುಲ್ಲು ಬಂದ ಜಾಗದಲ್ಲಿ ಆನೆ ಹಿಂಡು. ಅಜ್ಜಿ ಕಟ್ಟಿಕೊಡ್ತಿದ್ದ ಬುತ್ತಿ, ಮೊಸರನ್ನ, ಮಾವಿನಮಿಡಿ...

ಶೋಭಾ: ಅದೇ ಕಣೋ! ಆನೆಗಳು ಅಲ್ಲಿ ಸೇರೋದು ನೀರು ಇಳಿದಾಗ. ಪಾಂಟನಾಲ್ ಲೆಕ್ಕವೂ ಅದೇ.

ಗಿರೀಶ ಮಾವ: ನೀರೇ ಇಲ್ಲದ ಜೌಗು ನೋಡೋಕೆ ಅಷ್ಟು ದೂರ ಯಾಕೆ?

ಸುಧಾಕರ ಭಾವ: ನೀರು ಇರುತ್ತೆ ಗಿರೀಶಣ್ಣ. ಕುಯಾಬಾ ನಗರಕ್ಕೆ ವಿಮಾನ, ಅಲ್ಲಿಂದ ಸುಮಾರು 100 ಕಿ.ಮೀ. ಪೊಕೋನೆ ಊರು. ಆಮೇಲೆ ಟ್ರಾನ್ಸ್‌ಪಾಂಟನೇರಾ ಅನ್ನೋ ಮಣ್ಣು ರಸ್ತೆ, ಹೊಳೆದಂಡೆಯ ಪೋರ್ಟೊ ಜೋಫ್ರೆವರೆಗೆ 145 ಕಿ.ಮೀ. ಚಿಲ್ಲರೆ, ದಾರಿ ತುಂಬ ಸಣ್ಣ ಸೇತುವೆಗಳು. ರಸ್ತೆ ಎತ್ತರ ಮಾಡೋಕೆ ಎರಡೂ ಬದಿ ಮಣ್ಣು ತೋಡಿದ ಗುಂಡಿಗಳಲ್ಲಿ ಮಳೆ ಇಲ್ಲದ ತಿಂಗಳಲ್ಲೂ ನೀರು ನಿಲ್ಲುತ್ತೆ. ಒಂದು ಗುಂಡಿ ಪಕ್ಕ ಗಾಡಿ ನಿಲ್ಲಿಸಿ ಇಂಜಿನ್ ಆಫ್ ಮಾಡಿದ್ರೆ ಸಾಕು: ಮೂತಿ ಮಾತ್ರ ಮೇಲಿಟ್ಟ ಕೈಮನ್‌ಗಳು, ನಡುವೆ ಕಪ್ಪು ತಲೆ, ಕೆಂಪು ಕೊರಳಪಟ್ಟಿಯ ಜಬಿರು ಕೊಕ್ಕರೆ, ದಂಡೆಯಲ್ಲಿ ಕ್ಯಾಪಿಬರಾ ಅನ್ನೋ ದೊಡ್ಡ ಇಲಿಜಾತಿ ಪ್ರಾಣಿ. ಮಳೆಗಾಲದಲ್ಲಿ ಅದೇ ರಸ್ತೆ ಕೆಸರು, ಕೊನೆ ಭಾಗಕ್ಕೆ ಹೋಗೋಕೇ ಆಗದ ದಿನಗಳಿವೆ. ಪೊಕೋನೆಯಲ್ಲಿ ಟ್ಯಾಂಕ್ ಫುಲ್ ಮಾಡಿಸ್ಲೇಬೇಕು. ದಾರಿಯ ಜಾನುವಾರು ಫಾರಂ ವಸತಿಯಲ್ಲಿ 2 ರಾತ್ರಿ, ಪೋರ್ಟೊ ಜೋಫ್ರೆಯಲ್ಲಿ 3 ಪೂರ್ತಿ ದಿನ ದೋಣಿ. ಒಂದೇ ದಿನ ಇಟ್ಟುಕೊಂಡವರು ಬರಿಗೈಲಿ ಬರೋದುಂಟು. ಗ್ಯಾರಂಟಿ ಯಾರೂ ಕೊಡೋಕಾಗಲ್ಲ.

ಸುಧಾಕರ ಭಾವ: ಇನ್ನೊಂದು. ಜುಲೈ, ಆಗಸ್ಟಲ್ಲಿ ದಕ್ಷಿಣದಿಂದ ತಣ್ಣನೆ ಗಾಳಿ ನುಗ್ಗುತ್ತೆ, ಫ್ರಿಯಾಜೆಂ ಅಂತಾರೆ. 35 ಡಿಗ್ರಿ ಇದ್ದದ್ದು ಒಂದೆರಡು ದಿನದಲ್ಲಿ 10ರ ಹತ್ತಿರ ಇಳಿಯುತ್ತೆ. ಓಡೋ ದೋಣಿಯಲ್ಲಿ ಸ್ವೆಟರ್ ಸಾಲಲ್ಲ, ಗಾಳಿ ತಡೆಯೋ ಜಾಕೆಟ್ ಬೇಕು. ರಸ್ತೇಲಿ ಕ್ಯಾಮೆರಾ ಲೆನ್ಸ್ ಬದಲಾಯಿಸಬೇಡಿ, ಸೆನ್ಸರ್ ಪೂರ್ತಿ ಧೂಳು. ದೋಣಿ ಅಲುಗಾಡುತ್ತೆ, ಟ್ರೈಪಾಡ್ ಬದಲು ಕಾಳು ತುಂಬಿದ ಚೀಲ ಸಾಕು.

ಪುಟ್ಟತ್ತೆ: ಊಟಕ್ಕೇನು ಮಾಡೋದಪ್ಪ?

ಶೋಭಾ: ಅನ್ನ, ಹುರುಳಿಕಾಯಿ ಬೀಜದ ಸಾರು ಎಲ್ಲ ಕಡೆ ಇದೆ ಅತ್ತೆ. ಆದ್ರೆ ಆ ಸಾರಿಗೆ ಹಂದಿ ಮಾಂಸ ಹಾಕೋದುಂಟು, ಮರಗೆಣಸಿನ ಹಿಟ್ಟು ಹುರಿದ ಫರೋಫಾಗೂ. "ಸೆಂ ಕಾರ್ನೆ" (ಮಾಂಸ ಇಲ್ಲದ್ದು) ಅಂತ ಕೇಳಿದ್ರೆ ಕೋಳಿ, ಮೀನು ತರ್ತಾರೆ, ಅವರಿಗೆ ಕಾರ್ನೆ ಅಂದ್ರೆ ದನ. ಒಂದೊಂದೂ ಹೆಸರು ಹೇಳಿ ಬೇಡ ಅನ್ನಬೇಕು. ಬುಕ್ ಮಾಡುವಾಗಲೇ ಬರೆದು ಕಳಿಸಿ. ಕರಿದ ಮರಗೆಣಸು ಸಿಗುತ್ತೆ, ಚೆನ್ನಾಗಿರುತ್ತೆ.

ದೊಡ್ಡಪ್ಪ: ಪ್ರಾಣಿ ನೋಡೋಕೆ ಹೋಗಿ ಅದಕ್ಕೇ ತೊಂದರೆ ಕೊಡೋದು ತಪ್ಪು. ಒಂದು ಜಾಗ್ವಾರ್ ಸುತ್ತ ದೋಣಿಗಳು ಮುತ್ತಿಗೆ ಹಾಕಿದ ವಿಡಿಯೊ ನೋಡಿದ್ದೀನಿ. 2020ರಲ್ಲಿ ಅಲ್ಲಿ ಸುಮಾರು ಕಾಲು ಭಾಗ ಸುಟ್ಟು ಹೋಗಿತ್ತು. ಉಳಿದದ್ದನ್ನಾದರೂ ನೆಮ್ಮದಿಯಾಗಿ ಬಿಡಿ.

ಶೋಭಾ: ನಿಜ ದೊಡ್ಡಪ್ಪ. ದೂರದಲ್ಲೇ ನಿಲ್ಲಿಸು ಅಂತ ದೋಣಿಯವನಿಗೆ ಬೆಳಿಗ್ಗೆಯೇ ಹೇಳಬೇಕು. ಸೆಪ್ಟೆಂಬರಲ್ಲಿ ಬೆಂಕಿ ಹೊಗೆ ಜಾಸ್ತಿ, ಅದಕ್ಕೇ ಆಗಸ್ಟ್ ಒಳಗೆ ಮುಗಿಸೋದು ಮೇಲು. ಲಸಿಕೆ ವಿಷಯದಲ್ಲಂತೂ ಫಾರ್ವರ್ಡ್ ಶುದ್ಧ ತಪ್ಪು. ಹಾಕಿಸಿ 10 ದಿನ ಆದಮೇಲೇ ಆ ಲಸಿಕೆ ಕಾರ್ಡಿಗೆ ಬೆಲೆ. ಅದಿಲ್ಲದೆ ಬ್ರೆಜಿಲ್‌ನಿಂದ ಬಂದಿಳಿದರೆ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು 6 ದಿನದವರೆಗೆ ಬೇರೆ ಇಡಬಹುದು. ಮಾನ್ಯತೆ ಇರೋ ಕೇಂದ್ರದಲ್ಲಿ ಮಾತ್ರ ಸಿಗುತ್ತೆ, ಮೊದಲೇ ದಿನ ಗೊತ್ತು ಮಾಡ್ಕೊಬೇಕು. 60 ದಾಟಿದವರಿಗೆ ಅಪರೂಪಕ್ಕಾದ್ರೂ ಗಂಭೀರ ಅಡ್ಡಪರಿಣಾಮದ ಅಪಾಯ ಹೆಚ್ಚು. ಡಾಕ್ಟರನ್ನ ಕೇಳದೆ ನೀವು ಹಾಕಿಸ್ಬೇಡಿ.

ಗಿರೀಶ ಮಾವ: ಅಂದ್ರೆ ನಾನು ಕಳಿಸಿದ್ದೆಲ್ಲ ಸುಳ್ಳು ಅಂತ ಎಲ್ಲರೆದುರು ಹೇಳ್ಬೇಕಿತ್ತಾ?

ಶೋಭಾ: ಮಾವ, ಜಗತ್ತಿನ ಉಷ್ಣವಲಯದ ಅತಿ ದೊಡ್ಡ ಜೌಗುನಾಡು ಅಂದಿದ್ರೆ ಸರಿ. ಉಳಿದದ್ದನ್ನ ನಂಬಿ ಯಾರಾದ್ರೂ ಟಿಕೆಟ್ ಮಾಡಿಸಿಬಿಟ್ರೆ ಅನ್ನೋ ಭಯ ನನಗೆ.

ವಿನಯ: ಆಗಸ್ಟ್ ಅಂದ್ರೆ ಅಲ್ಲಿ ಪಿಯೂವಾ ಮರ ಎಲೆ ಉದುರಿಸಿ ಗುಲಾಬಿ ಹೂ ಬಿಡೋ ಕಾಲ. ನಮ್ಮ ಬೆಂಗಳೂರಿನ ಟಬೆಬೂಯಾ ಬಳಗದ್ದೇ ಮರ!

ಪುಟ್ಟತ್ತೆ: ಆಗಸ್ಟಲ್ಲಿ ವರಮಹಾಲಕ್ಷ್ಮಿ ಬರುತ್ತಲ್ಲೇ ಶೋಭಾ.

ಶೋಭಾ: ಹಾಗಾದ್ರೆ ಜುಲೈ ಕೊನೆ ವಾರ ಅತ್ತೆ.

ದೊಡ್ಡಪ್ಪ: ಆಷಾಢದಲ್ಲಿ ದೂರ ಪ್ರಯಾಣವೇ? ಪಂಚಾಂಗ ನೋಡಿ ರಾತ್ರಿ ಹೇಳ್ತೀನಿ. ಅಲ್ಲಿವರೆಗೆ ಯಾರೂ ದುಡ್ಡು ಕಟ್ಟಬೇಡಿ.