ಆಫೀಸ್ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕೋರ್ಟಿಗೆ ಸಾಕ್ಷಿಯಾಗಬೇಕು, ಏನು ಮಾಡಲಿ?

ಪ್ರಶ್ನೆ: ಸರ್, ನಮ್ಮದು ಸಣ್ಣ ಕಂಪನಿ. ಲೆಕ್ಕ ನೋಡಿಕೊಳ್ಳುತ್ತಿದ್ದವರು ಕೆಲಸ ಬಿಡುವ ಮುಂಚೆ ಬಿಲ್ಲಿನ ಫೈಲುಗಳನ್ನು ಡಿಲೀಟ್ ಮಾಡಿದ್ದಾರೆ ಅಂತ ಅನುಮಾನ. ಕೋರ್ಟಿಗೆ ಹೋಗಬೇಕಾಗಬಹುದು. ಆ ಫೋಲ್ಡರನ್ನು ಪೆನ್ ಡ್ರೈವಿಗೆ ಕಾಪಿ ಮಾಡಿಟ್ಟರೆ ಸಾಕಾ?

ಉತ್ತರ: ಸಾಲದು ಮೇಡಂ. ಕಂಪ್ಯೂಟರ್ ಆಫ್ ಆಗಿದ್ದರೆ ದಯವಿಟ್ಟು ಹಾಗೇ ಇರಲಿ. ವಿಂಡೋಸ್ ಶುರುವಾದರೆ ನೀವು ಏನೂ ಮುಟ್ಟದಿದ್ದರೂ ಅದು ಲಾಗ್ (ತನ್ನ ಕೆಲಸದ ದಾಖಲೆ) ಬರೆಯುತ್ತದೆ, ಅಪ್‌ಡೇಟ್ ಇಳಿಸಿಕೊಳ್ಳುತ್ತದೆ. ಡಿಲೀಟ್ ಮಾಡಿದ ಫೈಲು ಹಾರ್ಡ್ ಡಿಸ್ಕಿನಿಂದ ಕೂಡಲೇ ಹೋಗುವುದಿಲ್ಲ. ಆ ಜಾಗ ಖಾಲಿ ಅಂತ ಗುರುತಾಗುತ್ತದೆ, ಅಷ್ಟೇ. ಹೊಸದೇನಾದರೂ ಅಲ್ಲಿ ಬಂದು ಕೂತರೆ ಹಳೆಯದು ಮತ್ತೆ ಸಿಗುವುದಿಲ್ಲ. ಕಾಪಿ ಮಾಡಿದರೆ ಕಣ್ಣಿಗೆ ಕಾಣುವ ಫೈಲು ಮಾತ್ರ ಬರುತ್ತದೆ. ನಿಮಗೆ ಬೇಕಾದದ್ದು ಅಳಿಸಿದ ಫೈಲು, ಅಲ್ವಾ? ಅದೂ ಅಲ್ಲದೆ, ಕಾಪಿಯ ಮೇಲೆ ಫೈಲು ಹುಟ್ಟಿದ ದಿನಾಂಕವಾಗಿ ಕಾಪಿ ಮಾಡಿದ ದಿನವೇ ಬೀಳುತ್ತದೆ.

ಕೋರ್ಟಿಗಾಗಿ ಡಿಸ್ಕ್ ಪರೀಕ್ಷಿಸುವ ಫೊರೆನ್ಸಿಕ್ ಪರಿಣತರಾದ ನಾವು ಅದನ್ನು ರೈಟ್ ಬ್ಲಾಕರ್ ಎಂಬ ಸಾಧನದ ಮೂಲಕ ಜೋಡಿಸುತ್ತೇವೆ. ಅದು ಓದಲು ಬಿಡುತ್ತದೆ, ಬರೆಯಲು ಬಿಡುವುದಿಲ್ಲ. ಖಾಲಿ ಜಾಗವೂ ಸೇರಿ ಇಡೀ ಡಿಸ್ಕಿನ ಇಮೇಜ್ (ಇದ್ದದ್ದು ಇದ್ದ ಹಾಗೆ ಪೂರ್ತಿ ಪ್ರತಿ) ತೆಗೆದು ಅದರ ಹ್ಯಾಶ್ (ಬೆರಳಚ್ಚಿನಂಥ ಗುರುತು) ಲೆಕ್ಕ ಹಾಕುತ್ತೇವೆ. ಎಸ್‌ಎಚ್‌ಎ-256 ಎಂಬ ಲೆಕ್ಕದ ವಿಧಾನವಾದರೆ ಆ ಹ್ಯಾಶ್ 64 ಅಕ್ಷರಗಳ ಸಾಲು. ಇಮೇಜಿನಲ್ಲಿ ಒಂದೇ ಒಂದು ಬಿಟ್ ಬದಲಾದರೂ ಆ ಸಾಲು ಪೂರ್ತಿ ಬೇರೆಯಾಗುತ್ತದೆ. ಮೂಲ ಡಿಸ್ಕನ್ನು ಸೀಲ್ ಮಾಡಿ ಇಟ್ಟು, ಹುಡುಕಾಟವನ್ನೆಲ್ಲ ಇಮೇಜಿನ ಪ್ರತಿಯಲ್ಲಿ ಮಾಡುತ್ತೇವೆ.

ಪ್ರಶ್ನೆ: ಅಯ್ಯೋ, ನಿನ್ನೆ ನಮ್ಮ ಹುಡುಗ ಎರಡು ಸಲ ಆನ್ ಮಾಡಿ ನೋಡಿದ್ದಾನೆ. ಎಲ್ಲ ಹಾಳಾಯ್ತಾ?

ಉತ್ತರ: ಹಾಗೇನಿಲ್ಲ, ಗಾಬರಿಯಾಗಬೇಡಿ. ಅವರು ಎಷ್ಟು ಗಂಟೆಗೆ ಆನ್ ಮಾಡಿದರು, ಏನು ತೆರೆದರು, ಯಾವಾಗ ಆಫ್ ಮಾಡಿದರು, ಎಲ್ಲ ಇವತ್ತೇ ಬರೆಸಿ ಸಹಿ ಹಾಕಿಸಿ. ಮುಚ್ಚಿಡಬೇಡಿ. ಆನ್ ಮಾಡಿದ ಗುರುತು ಡಿಸ್ಕಿನಲ್ಲೇ ಇರುತ್ತದೆ, ಎದುರಿನ ವಕೀಲರು ಅದನ್ನು ಎತ್ತಿದಾಗ ನಿಮ್ಮ ಮಾತಿನ ಮೇಲಿನ ನಂಬಿಕೆಯೇ ಹೋಗುತ್ತದೆ. ಡಿಸ್ಕಿನ ಸೀರಿಯಲ್ ನಂಬರ್ ಬರೆದುಕೊಳ್ಳಿ. ಇನ್ನು ಮುಂದೆ ಅದು ಯಾರ ಕೈಯಿಂದ ಯಾರ ಕೈಗೆ ಹೋಯಿತು, ಯಾವಾಗ, ಯಾಕೆ ಅನ್ನುವುದೂ ದಾಖಲಾಗಬೇಕು. ತಾಂತ್ರಿಕ ಕೆಲಸ ಚೆನ್ನಾಗಿದ್ದೂ ಈ ಒಂದು ಹಾಳೆ ಇಲ್ಲದೆ ಜನ ಒದ್ದಾಡುವುದನ್ನು ನೋಡಿ ನನಗೆ ಬೇಜಾರಾಗುತ್ತದೆ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ನಮ್ಮ ಲ್ಯಾಪ್‌ಟಾಪಿನಲ್ಲಿ ಇರುವುದು ಎಸ್‌ಎಸ್‌ಡಿ, ತಿರುಗುವ ಡಿಸ್ಕಿನ ಬದಲು ಚಿಪ್ ಇರುವ ಡ್ರೈವ್. ಈಗ ಆನ್ ಆಗೇ ಇದೆ.

ಉತ್ತರ: ನಿಮ್ಮದು ಜಾಸ್ತಿ ಅವಸರದ ವಿಷಯ. ಎಸ್‌ಎಸ್‌ಡಿಯಲ್ಲಿ ಟ್ರಿಮ್ ಅಂತ ಒಂದು ವ್ಯವಸ್ಥೆ ಇದೆ. ಫೈಲು ಅಳಿಸಿದ ಮೇಲೆ ಆ ಜಾಗವನ್ನು ಡ್ರೈವ್ ತಾನೇ ತೊಳೆದುಬಿಡುತ್ತದೆ. ಕರೆಂಟ್ ಸಿಕ್ಕರೆ ಸಾಕು, ರೈಟ್ ಬ್ಲಾಕರ್ ಹಾಕಿದರೂ ಅದು ನಿಲ್ಲದೇ ಇರಬಹುದು. ಹಾಗಂತ ಸುಮ್ನೆ ಪವರ್ ತೆಗೆಯಬೇಡಿ. ಬಿಟ್‌ಲಾಕರ್ (ವಿಂಡೋಸ್ ಡ್ರೈವಿಗೆ ಹಾಕುವ ಬೀಗ) ಹಾಕಿದ್ದರೆ, ಬೀಗ ತೆರೆದಿರುವ ಕೀ ಈಗ ಮೆಮೊರಿಯಲ್ಲಿದೆ, ಆಫ್ ಆದರೆ ಹೋಗುತ್ತದೆ. 48 ಅಂಕಿಯ ರಿಕವರಿ ಕೀ ನಿಮ್ಮಲ್ಲಿದೆಯಾ? ಇಲ್ಲದಿದ್ದರೆ ನೆಟ್ ಸಂಪರ್ಕ ತಪ್ಪಿಸಿ, ಚಾರ್ಜರ್ ಹಾಕಿಡಿ, ಪರದೆಯ ಫೋಟೋ ತೆಗೆದುಕೊಳ್ಳಿ. ಬೇರೇನೂ ತೆರೆಯದೆ ಈಗಲೇ ಒಬ್ಬ ಫೊರೆನ್ಸಿಕ್ ಪರಿಣತರನ್ನು ಕರೆಸಿ.