11 ಮಕ್ಕಳ ತರಗತಿಯೋ, 42 ಮಕ್ಕಳ ತರಗತಿಯೋ?

ಕೇಳಿದವರು, ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ಒಬ್ಬ ತಾಯಿ: ಮಗಳನ್ನು ಜೂನ್‌ನಲ್ಲಿ ಒಂದನೆಯ ತರಗತಿಗೆ ಸೇರಿಸಬೇಕಾಗಿದೆ. ಮನೆಯ ಹತ್ತಿರದ ಕನ್ನಡ ಮಾಧ್ಯಮದ ಎಲ್‌.ಪಿ. (ಕಿರಿಯ ಪ್ರಾಥಮಿಕ) ಶಾಲೆಯಲ್ಲಿ ಆ ತರಗತಿಗೆ 11 ಮಕ್ಕಳು. ಪೇಟೆಯ ಶಾಲೆಯಲ್ಲಿ ಒಂದು ಡಿವಿಷನ್‌ಗೆ 42. ಮಕ್ಕಳು ಕಡಿಮೆ ಇದ್ದರೆ ಕಲಿಕೆ ನಿಜವಾಗಿಯೂ ಚೆನ್ನಾಗುತ್ತದೆಯೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಕುಂಬಳೆ ಕಡೆಯ ನಿವೃತ್ತ ಅಧ್ಯಾಪಕರು: ನಾನು ಇದೇ ಒಂದನೆಯ ತರಗತಿಯನ್ನು 44 ಮಕ್ಕಳೊಂದಿಗೂ ನಡೆಸಿದ್ದೇನೆ, ಸೇವೆಯ ಕೊನೆಯ ವರ್ಷಗಳಲ್ಲಿ 13 ಮಕ್ಕಳೊಂದಿಗೂ ನಡೆಸಿದ್ದೇನೆ. ನಮ್ಮಲ್ಲಿ ಮಕ್ಕಳ ಮನೆಮಾತು ತುಳು, ಮಲಯಾಳ, ಮರಾಠಿ, ಹವ್ಯಕ ಕನ್ನಡ ಹೀಗೆ ಹಲವು ಬಗೆಯದಾದ್ದರಿಂದ, ಪುಸ್ತಕದ ಕನ್ನಡ ಅನೇಕರಿಗೆ ಮೊದಲು ಕಿವಿಗೆ ಬೀಳುವುದೇ ಶಾಲೆಯಲ್ಲಿ. ಯಾವ ಮಗು ಒತ್ತಕ್ಷರದಲ್ಲಿ ಎಡವುತ್ತದೆ, ಯಾವುದು ಮಾತಿನ ಅರ್ಥವಾಗದೆ ಸುಮ್ಮನಿದೆ ಎಂಬುದು ಒಬ್ಬೊಬ್ಬರನ್ನೇ ಹತ್ತಿರ ಕರೆದು ಓದಿಸಿದಾಗಲಷ್ಟೇ ತಿಳಿಯುತ್ತದೆ. 44 ಮಕ್ಕಳು ಒಟ್ಟಿಗೆ ಹೇಳುವಾಗ ಬರಿದೆ ತುಟಿ ಆಡಿಸುತ್ತಿದ್ದವರನ್ನು ಗುರುತಿಸಲು ನನಗೆ ಓಣಂ ಪರೀಕ್ಷೆಯ (ಓಣಂ ರಜೆಗೆ ಮೊದಲು ನಡೆಯುವ ಮೊದಲ ಅವಧಿಯ ಪರೀಕ್ಷೆ) ಉತ್ತರಪತ್ರಿಕೆ ಬೇಕಾಗುತ್ತಿತ್ತು. 13 ಮಕ್ಕಳಿದ್ದಾಗ ಜೂನ್ ಮುಗಿಯುವುದರೊಳಗೆ ಗೊತ್ತಾಗುತ್ತಿತ್ತು. ಕಾಪಿ ಪುಸ್ತಕವನ್ನು ಮಗುವನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ತಿದ್ದಲು ಸಾಧ್ಯವಾದದ್ದೂ ಆಗಲೇ. (ಮನೆಗೆ ಹೊತ್ತೊಯ್ದು ತಿದ್ದಿದ ಪುಸ್ತಕದ ಕೆಂಪು ಗೆರೆಯನ್ನು ಆರು ವರ್ಷದ ಮಗು ನೋಡುವುದೇ ಇಲ್ಲ.)

ಅಮೆರಿಕದ ಟೆನೆಸ್ಸೀ ರಾಜ್ಯದಲ್ಲಿ 1985ರಿಂದ 1989ರವರೆಗೆ ನಡೆದ ‘ಸ್ಟಾರ್’ ಪ್ರಯೋಗದಲ್ಲಿ, ಮಕ್ಕಳನ್ನೂ ಶಿಕ್ಷಕರನ್ನೂ ಚೀಟಿ ಎತ್ತಿದಂತೆ ಹಂಚಿ, 13ರಿಂದ 17 ಮಕ್ಕಳ ತರಗತಿಗಳನ್ನು 22ರಿಂದ 25 ಮಕ್ಕಳ ತರಗತಿಗಳೊಂದಿಗೆ ಹೋಲಿಸಿದ್ದರು. ಓದು, ಗಣಿತ ಎರಡರಲ್ಲಿಯೂ ಸಣ್ಣ ತರಗತಿಯವರು ಮುಂದಿದ್ದರು, ಬಡ ಮನೆಗಳ ಮಕ್ಕಳಿಗೆ ಅದರ ಪ್ರಯೋಜನ ಇನ್ನೂ ಹೆಚ್ಚಾಗಿತ್ತು. ಅಲ್ಲಿ ಪ್ರಯೋಗ ನಡೆದದ್ದು ಶಾಲೆಯ ಮೊದಲ ನಾಲ್ಕು ವರ್ಷಗಳಲ್ಲಿ. ನಿಮ್ಮ ಮಗಳದ್ದೂ ಅದೇ ವಯಸ್ಸು.

ಮಂಜೇಶ್ವರದ ಒಬ್ಬ ತಂದೆ: ಮಾಸ್ಟ್ರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಆ 11 ಮಕ್ಕಳಿಗೆ ಪ್ರತ್ಯೇಕ ಅಧ್ಯಾಪಕರು ಇದ್ದಾರೆಯೇ ಎಂದು ಮೊದಲು ವಿಚಾರಿಸಿರಿ. 2009ರ ಶಿಕ್ಷಣ ಹಕ್ಕು ಕಾಯಿದೆಯು 60 ಮಕ್ಕಳವರೆಗಿನ ಪ್ರಾಥಮಿಕ ಶಾಲೆಗೆ ಕಡ್ಡಾಯ ಮಾಡಿರುವುದು ಇಬ್ಬರು ಶಿಕ್ಷಕರನ್ನು ಮಾತ್ರ. ನನ್ನ ಮಗನ ಶಾಲೆಯಲ್ಲಿ ಒಂದು ವರ್ಷ ಎರಡು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿದ್ದರಿಂದ, ಮಕ್ಕಳು ಕಡಿಮೆಯಿದ್ದರೂ ಅವನಿಗೆ ಸಿಕ್ಕಿದ್ದು ಅರ್ಧ ಹೊತ್ತಿನ ಪಾಠ. ಕೇರಳದಲ್ಲಿ ಶಾಲೆ ತೆರೆದ ಆರನೆಯ ಕೆಲಸದ ದಿನದ ತಲೆ ಎಣಿಕೆಯ ಮೇಲೆ ಹುದ್ದೆಗಳು ನಿರ್ಧಾರವಾಗುವುದರಿಂದ, ಆ ದಿನ ಕಳೆದ ಮೇಲೆಯೂ ಒಮ್ಮೆ ಕೇಳುವುದು ಒಳ್ಳೆಯದು.

ಪೆರ್ಲದಲ್ಲಿ ಕಲಿತ ಒಬ್ಬರು: ನಮ್ಮ ತರಗತಿಯಲ್ಲಿದ್ದದ್ದು ಒಂಬತ್ತೇ ಮಂದಿ, ವಾರ್ಷಿಕೋತ್ಸವದ ನಾಟಕದಲ್ಲಿ ಪಾತ್ರವಿಲ್ಲದವರು ಯಾರೂ ಇರಲಿಲ್ಲ, ಮರವಾಗಿ ನಿಂತವನಿಗೂ ಎರಡು ಮಾತುಗಳಿದ್ದವು. ಕೊರತೆ ಎಂದರೆ, ಹುಡುಗಿಯರು ಇಬ್ಬರೇ ಇದ್ದೆವು, ಜಗಳವಾದರೆ ಮಾತಾಡಲು ಬೇರೆ ಯಾರೂ ಇರುತ್ತಿರಲಿಲ್ಲ. ನಿಮ್ಮ ಮಗಳ ಜೊತೆಗೆ ಎಷ್ಟು ಹುಡುಗಿಯರು ಸೇರುತ್ತಾರೆಂದು ಅದನ್ನೂ ಕೇಳಿಕೊಳ್ಳಿ.