ಡೆಬಿಯನ್ ಅಪ್‌ಗ್ರೇಡ್ ಆದ ಮೇಲೆ ಜೆಡ್‌ಎಫ್‌ಎಸ್ ಪೂಲ್ ಮಾಯ, ಅನುಭವ ಇದ್ದವರು ಹೇಳಿ

ಕೊಪ್ಪಳ ಸ್ಟುಡಿಯೋ:
ನನ್ನದು ಮದುವೆ ಫೋಟೋ, ವಿಡಿಯೋ ಕೆಲಸ. ಎರಡು 4 ಟಿಬಿ ಡಿಸ್ಕ್ ಮಿರರ್ ಮಾಡಿ (ಒಂದರ ನಕಲು ಇನ್ನೊಂದರಲ್ಲಿ), ಜೆಡ್‌ಎಫ್‌ಎಸ್ ಅನ್ನೋ ಫೈಲ್‌ಸಿಸ್ಟಮ್ ಹಾಕಿ ಒಂದೇ ಪೂಲ್ ಮಾಡಿದ್ದೇನೆ. ಎರಡು ವರ್ಷ ಏನೂ ತೊಂದರೆ ಇರಲಿಲ್ಲ. ನಿನ್ನೆ ರಾತ್ರಿ ಡೆಬಿಯನ್ ಲಿನಕ್ಸ್ 12ರಿಂದ 13ಕ್ಕೆ ಹೋದೆ. ಸಿಸ್ಟಮ್ಮಿನ ತಿರುಳಾದ ಕರ್ನಲ್ 6.1 ಇದ್ದದ್ದು 6.12 ಆಯ್ತು. ರೀಬೂಟ್ ಮಾಡಿದರೆ ಪೂಲೇ ಇಲ್ಲ. ಜೆಡ್‌ಎಫ್‌ಎಸ್ ಮಾಡ್ಯೂಲ್ (ಕರ್ನಲ್‌ಗೆ ಸೇರಿಸೋ ತುಂಡು) ಲೋಡ್ ಆಗಿಲ್ಲ, ಮೋಡ್‌ಪ್ರೋಬ್ (ಅದನ್ನು ಲೋಡ್ ಮಾಡೋ ಕಮಾಂಡ್) ಮಾಡಿ ನೋಡು ಅನ್ನುತ್ತದೆ. ಮಾಡಿದರೆ 6.12ರ ಫೋಲ್ಡರಿನಲ್ಲಿ ಆ ಮಾಡ್ಯೂಲೇ ಸಿಗಲಿಲ್ಲ ಅನ್ನುತ್ತದೆ. ಭಾನುವಾರ ಒಂದು ಆಲ್ಬಮ್ ಕೊಡಬೇಕು, ಹುಡುಗಿ ಅಪ್ಪ ದಿನಕ್ಕೆ ಎರಡು ಸಲ ಫೋನ್ ಮಾಡುತ್ತಿದ್ದಾರೆ. ಹಳೇ ಕರ್ನಲ್‌ಗೆ ವಾಪಸ್ ಹೋಗಲಾ? ಇಲ್ಲಾ ಈ ಜೆಡ್‌ಎಫ್‌ಎಸ್ ಸಹವಾಸವೇ ಬಿಡಲಾ?

ರಾಯಚೂರು ಡಿಟಿಪಿ:
ವಾಪಸ್ ಹೋಗೋ ಮಾತು ಕೇಳಿದರೇ ನನಗೆ ಹೊಟ್ಟೆ ಉರಿಯುತ್ತದೆ. 2022ರಲ್ಲಿ ಉಬುಂಟು 20.04 ಬಿಟ್ಟು 22.04ಕ್ಕೆ ಬಂದೆ. ಪೂಲ್ ಚೆನ್ನಾಗೇ ಬಂತು. ಆದರೆ ಸ್ಟೇಟಸ್ ನೋಡಿದಾಗಲೆಲ್ಲ 'ಕೆಲವು ಫೀಚರ್ ಆನ್ ಆಗಿಲ್ಲ, ಜೆಡ್‌ಪೂಲ್ ಅಪ್‌ಗ್ರೇಡ್ ಮಾಡು' ಅಂತ ಒಂದೇ ರಾಗ. ಮಾಡಿದೆ. ಅದು ಸಾಲದು ಅಂತ ಕಂಪ್ರೆಶನ್ನೂ ಹೊಸ ಜೆಡ್‌ಎಸ್‌ಟಿಡಿಗೆ ಬದಲಾಯಿಸಿದೆ. ನಾಲ್ಕು ದಿನ ಬಿಟ್ಟು ನೋಡಿದರೆ ಹಳೇ ಸ್ಕ್ಯಾನರಿನ ಡ್ರೈವರ್ 22.04ರಲ್ಲಿ ಕೆಲಸ ಮಾಡಲ್ಲ. ಲಗ್ನಪತ್ರಿಕೆ ಸೀಸನ್ ಬೇರೆ. ಸರಿ ಅಂತ 20.04 ಮತ್ತೆ ಹಾಕಿದೆ. ಅದರಲ್ಲಿ ಇರೋದು ಜೆಡ್‌ಎಫ್‌ಎಸ್ 0.8, ಅದಕ್ಕೆ ಜೆಡ್‌ಎಸ್‌ಟಿಡಿ ಅಂದರೇನು ಅಂತಲೇ ಗೊತ್ತಿಲ್ಲ. ಈ ಪೂಲಿನ ಫೀಚರ್ ನನಗೆ ಬರಲ್ಲ, ತೆಗೆಯಲ್ಲ ಅಂತ ಮುಖ ತಿರುಗಿಸಿತು. ಪೂಲ್ ಅಪ್‌ಗ್ರೇಡ್ ಮಾಡಿದ ಮೇಲೆ ಡೌನ್‌ಗ್ರೇಡ್ ಅನ್ನೋದು ಇಲ್ಲ.

ಖರ್ಚು ಕೇಳಿ. ಇನ್ನೊಂದು 4 ಟಿಬಿ ಡಿಸ್ಕ್ 8,900. ಯುಎಸ್‌ಬಿ ಡಾಕ್ 1,650. 22.04 ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ 2.1 ಟಿಬಿ ಕಾಪಿಗೆ ಹಾಕಿದೆ. ನನ್ನ ಹಳೇ ಬೋರ್ಡಿನಲ್ಲಿ ಇರೋದು ಯುಎಸ್‌ಬಿ 2, ಸೆಕೆಂಡಿಗೆ 35 ಎಂಬಿ ಮೇಲೆ ಹೋಗಲ್ಲ, 17 ಗಂಟೆ. 11ನೇ ಗಂಟೆಗೆ ಕರೆಂಟು ಹೋಯ್ತು, ಯುಪಿಎಸ್ ಬ್ಯಾಟರಿ ನಾಲ್ಕೇ ನಿಮಿಷಕ್ಕೆ ಪೀ ಪೀ ಅಂದು ಸತ್ತಿತು. ಮತ್ತೆ ಶುರು ಮಾಡಿದೆ. ಬ್ಯಾಟರಿ 4,800. ಏಪ್ರಿಲ್ ತಿಂಗಳು, 42 ಡಿಗ್ರಿ, ಡಿಸ್ಕ್ ಮುಟ್ಟಿದರೆ ಹಂಚಿನ ಹಾಗೆ ಸುಡುತ್ತಿತ್ತು. ಟೇಬಲ್ ಫ್ಯಾನ್ ನನ್ನ ಕಡೆಯಿಂದ ಡಿಸ್ಕ್ ಕಡೆಗೆ ತಿರುಗಿಸಿ ನಾನು ಬೆವರುತ್ತಾ ಕೂತೆ.

ಬಳ್ಳಾರಿ ಜೀನ್ಸ್ ಯೂನಿಟ್:
ಅದಕ್ಕೇ ಹೇಳೋದು, ಕರ್ನಲ್ ಒಳಗೇ ಇರೋ ಫೈಲ್‌ಸಿಸ್ಟಮ್ ಹಾಕಿ ಅಂತ. ಎಕ್ಸ್ಟ್ 4 ಹಾಕಿ, ಮುಚ್ಚಿಕೊಂಡು ಮಲಗಿ. ಜೆಡ್‌ಎಫ್‌ಎಸ್ ಲೈಸೆನ್ಸ್ ಸಿಡಿಡಿಎಲ್, ಕರ್ನಲ್‌ನದು ಜಿಪಿಎಲ್. ಎರಡೂ ಒಂದೇ ಮನೆಯಲ್ಲಿ ಬಾಳಲ್ಲ. ಅದಕ್ಕೇ ಅದು ಯಾವತ್ತೂ ಬಾಗಿಲ ಹೊರಗೆ. ಕರ್ನಲ್ ಬದಲಾದಾಗಲೆಲ್ಲ ಹೊಸದಾಗಿ ಕಟ್ಟಬೇಕು. 2020ರ ಜನವರಿಯಲ್ಲಿ ಲಿನಕ್ಸ್ ಕರ್ನಲ್ ಶುರು ಮಾಡಿದ ಲಿನಸ್ ಟೊರ್ವಾಲ್ಡ್ಸ್ ಅವರೇ ಜೆಡ್‌ಎಫ್‌ಎಸ್ ಬಳಸಬೇಡಿ ಅಂದರು.

ನಾನೂ ಸುಟ್ಟುಕೊಂಡವನೇ. 2019ರಲ್ಲಿ ಸೆಂಟ್‌ಓಎಸ್ 7.6ರಿಂದ 7.7ಕ್ಕೆ ಹೋದೆ. ಬರೀ ಚಿಕ್ಕ ಅಪ್‌ಡೇಟ್ ಅಂದುಕೊಂಡಿದ್ದೆ. ಜೆಡ್‌ಎಫ್‌ಎಸ್ ರೆಪೋ (ಪ್ಯಾಕೇಜ್ ಬರೋ ಜಾಗ) ಪ್ರತಿ ಚಿಕ್ಕ ನಂಬರಿಗೂ ಬೇರೆ ಬೇರೆ, ಅದನ್ನು ಬದಲಾಯಿಸೋದು ಮರೆತೆ. ಎಂಬ್ರಾಯ್ಡರಿ ಡಿಸೈನ್ ಎಲ್ಲಾ ಆ ಪೂಲಿನಲ್ಲಿ. ಮೆಷಿನ್ ನಿಂತವು. 14 ಜನ ಟೈಲರ್, ತಲೆಗೆ 550, ಒಂದೂವರೆ ದಿನ. 11,550 ರೂಪಾಯಿ ಸುಮ್ನೆ ಕೂತವರಿಗೆ ಕೊಟ್ಟೆ, ಚಹಾ ಮಿರ್ಚಿ ಲೆಕ್ಕ ಹಿಡಿದಿಲ್ಲ. ಅವತ್ತೇ ಎಕ್ಸ್ಟ್ 4ಕ್ಕೆ ಬಂದೆ. ಇವತ್ತಿನವರೆಗೆ ಒಂದು ಫೈಲ್ ಹೋಗಿಲ್ಲ.

ರಾಯಚೂರು ಡಿಟಿಪಿ:
ಹೋಗಿಲ್ಲ ಅಂತ ನಿಮಗೆ ಹೇಗೆ ಗೊತ್ತು? ಎಕ್ಸ್ಟ್ 4 ಚೆಕ್‌ಸಮ್ (ಡೇಟಾ ಕೆಟ್ಟಿದೆಯಾ ಅಂತ ತಾಳೆ ನೋಡೋ ಲೆಕ್ಕ) ಇಡೋದು ಮೆಟಾಡೇಟಾಗೆ, ಅಂದರೆ ಫೈಲಿನ ಹೆಸರು, ಜಾಗದಂಥ ವಿವರಕ್ಕೆ ಮಾತ್ರ. ಫೈಲ್ ಒಳಗೆ ಒಂದು ಬಿಟ್ ಕೆಟ್ಟರೆ ಅದು ಬಾಯಿ ಬಿಡಲ್ಲ. ಗುಲಾಬಿ ಡಿಸೈನ್ ಹೊಲಿಯೋಕೆ ಹೋಗಿ ಹೂಕೋಸು ಬಂದ ದಿನ ಗೊತ್ತಾಗುತ್ತದೆ.

ಬಳ್ಳಾರಿ ಜೀನ್ಸ್ ಯೂನಿಟ್:
ಇದ್ದದ್ದು ಇದ್ದಂಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ನಿಮ್ಮ ಚೆಕ್‌ಸಮ್‌ಗೆ 15 ಸಾವಿರ ಖರ್ಚು ಮಾಡಿದ್ದು ನೀವು, ನಾನಲ್ಲ. 2023ರ ನವೆಂಬರಿನಲ್ಲಿ ಜೆಡ್‌ಎಫ್‌ಎಸ್ 2.2.0ರಲ್ಲಿ ಕಾಪಿ ಮಾಡಿದ ಫೈಲ್ ಒಳಗೆ ಸೊನ್ನೆ ತುಂಬಿಕೊಳ್ಳೋ ಬಗ್ ಬಂತಲ್ಲ, ಆಗ ಚೆಕ್‌ಸಮ್ ಏನು ಮಾಡಿತು? ಸೊನ್ನೆಗೂ ಸರಿಯಾಗಿದೆ ಅಂತ ಸಹಿ ಹಾಕಿತು.

ರಾಯಚೂರು ಡಿಟಿಪಿ:
2.2.2ರಲ್ಲಿ ಸರಿ ಮಾಡಿದರು. ಒಂದು ಬಗ್ ಹಿಡಿದುಕೊಂಡು ಎಷ್ಟು ವರ್ಷ ಕುಣಿಯುತ್ತೀರಿ?

ಗಂಗಾವತಿ ರೈಸ್‌ಮಿಲ್:
ನೀವಿಬ್ಬರೂ ಸ್ವಲ್ಪ ಸುಮ್ಮನಿರಿ. ನನ್ನ ಕಥೆ ಕೇಳಿದರೆ ನಿಮ್ಮದು ಏನೂ ಅಲ್ಲ. ಡೆಬಿಯನ್ 12, ವೇಬ್ರಿಡ್ಜ್ ಲೆಕ್ಕ ಎಲ್ಲಾ ಜೆಡ್‌ಎಫ್‌ಎಸ್‌ನಲ್ಲಿ. ಸುಗ್ಗಿ ಟೈಮು, ಗೇಟಿನ ಹೊರಗೆ ಭತ್ತದ ಲಾರಿ ಸಾಲು. ಕರ್ನಲ್ ಅಪ್‌ಡೇಟ್ ಬಂತು, ರೀಬೂಟ್ ಮಾಡಿದೆ, ಪೂಲ್ ಇಲ್ಲ. ಮೋಡ್‌ಪ್ರೋಬ್ ಮಾಡಿದರೆ 'ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್'. ಯಾವ ಕೀ, ಯಾವ ಸರ್ವಿಸ್? ರಿಪೇರಿಯವನನ್ನು ಕರೆಸಿದೆ. ಅವನು ಡಿಸ್ಕ್ ಕಿವಿಗೆ ಹಿಡಿದು ಕೇಳಿದ, ಹೋಗಿದೆ ಅಂದ. ಹೈದರಾಬಾದಿಗೆ ಕಳಿಸಿದರೆ 22,000ಕ್ಕೆ ಡೇಟಾ ತೆಗೆಸಿಕೊಡ್ತೀನಿ ಅಂದ. ಹಾಗೆ ಹೇಳೋಕೆ 3,500 ತಗೊಂಡ.

ಆಮೇಲೆ ನನ್ನ ಅಳಿಯ ಬಂದು ನೋಡಿದ. ಬೋರ್ಡಿನ ಸಿಮಾಸ್ ಸೆಲ್ ಸತ್ತಿತ್ತು. ಸೆಟ್ಟಿಂಗ್ ಎಲ್ಲಾ ಮೊದಲಿನಂತಾಗಿ ಸೆಕ್ಯೂರ್ ಬೂಟ್ (ಗೊತ್ತಿರೋ ಸಹಿ ಇಲ್ಲದ್ದನ್ನು ಒಳಗೆ ಬಿಡದ ಕಾವಲು) ತಾನೇ ಆನ್ ಆಗಿದೆ. ಡಿಕೆಎಂಎಸ್ (ಕರ್ನಲ್‌ಗೆ ತಕ್ಕಂತೆ ಮಾಡ್ಯೂಲ್ ಕಟ್ಟೋ ಪ್ರೋಗ್ರಾಂ) ಕಟ್ಟಿದ ಮಾಡ್ಯೂಲಿನ ಸಹಿಯನ್ನು ಆಗ ಕರ್ನಲ್ ಒಪ್ಪಲ್ಲ. ಅಪ್‌ಡೇಟ್‌ಗೂ ಇದಕ್ಕೂ ಸಂಬಂಧವೇ ಇಲ್ಲ! ಸೆಲ್ ಬೆಲೆ 40 ರೂಪಾಯಿ. ಸೆಕ್ಯೂರ್ ಬೂಟ್ ಆನ್ ಇರಲಿ, ಆ ಸಹಿಯ ಕೀ ಸೇರಿಸೋಣ ಅಂದ ಅಳಿಯ. ಅದಕ್ಕಿರೋ ಮೋಕ್‌ಯುಟಿಲ್ ಕಮಾಂಡಿನಲ್ಲಿ ಪಾಸ್‌ವರ್ಡ್ ಕೊಟ್ಟು ರೀಬೂಟ್ ಮಾಡಿದರೆ ಒಂದು ನೀಲಿ ಪರದೆ ಬರುತ್ತದೆ. ಹತ್ತು ಸೆಕೆಂಡಿನಲ್ಲಿ ಕೀಬೋರ್ಡಿನ ಯಾವುದಾದರೂ ಕೀ ಒತ್ತಬೇಕು, ಇಲ್ಲಾಂದ್ರೆ ಹಾಗೇ ಬೂಟ್ ಆಗಿ ಮೊದಲಿಂದ ಶುರು. ಮೊದಲನೇ ಸಲ ಲಾರಿ ಡ್ರೈವರ್ ಜೊತೆ ಜಗಳ ಮಾಡುತ್ತಿದ್ದೆ, ತಪ್ಪಿತು. ಎರಡನೇ ಸಲ ಕರೆಂಟು. ಮೂರನೇ ಸಲ ಇಬ್ಬರೂ ಮಾನಿಟರ್ ಮುಂದೆ ಉಸಿರು ಹಿಡಿದು ಕೂತು, ಎನ್‌ರೋಲ್ ಮೋಕ್ ಒತ್ತಿ, ಪಾಸ್‌ವರ್ಡ್ ಹೊಡೆದು, ಪೂಲ್ ಬಂದಾಗ ಅಳಿಯನಿಗೆ ಕೈ ಮುಗಿದೆ.

ಸಿರುಗುಪ್ಪ ಸರ್ವಿಸ್:
ರಿಪೇರಿಯವರನ್ನೆಲ್ಲ ಒಂದೇ ಗಂಟಿಗೆ ಕಟ್ಟಬೇಡಿ. ಬಿಸಿಲಲ್ಲಿ ಬೈಕ್ ಮೇಲೆ ಬಂದು ಧೂಳಲ್ಲಿ ಕೂತು ನೋಡೋಕೆ 500 ಕೇಳಿದರೂ ಜಾಸ್ತಿ ಅಂತೀರಿ. ಅಳಿಯ ಬಿಟ್ಟಿ ಮಾಡ್ತಾನೆ, ಎಲ್ಲರ ಮನೆಯಲ್ಲೂ ಅಳಿಯ ಇರ್ತಾನಾ?

ಗಂಗಾವತಿ ರೈಸ್‌ಮಿಲ್:
500 ಅಲ್ಲ ಸ್ವಾಮಿ, 3,500. ಡಿಸ್ಕ್ ಕಿವಿಗೆ ಹಿಡಿಯೋಕೆ.

ಸಿಂಧನೂರು:
ನನ್ನ ಹತ್ತಿರ ರೈಸರ್‌ಎಫ್‌ಎಸ್ ಹಾಕಿದ ಹಳೇ ಡಿಸ್ಕ್ ಇತ್ತು, ಅಪ್ಪನ ಕಾಲದ ಅಂಗಡಿ ಲೆಕ್ಕ. ಮೊನ್ನೆ ಹಾಕಿದರೆ ಗೊತ್ತಿಲ್ಲದ ಫೈಲ್‌ಸಿಸ್ಟಮ್ ಅಂತು. ಕರ್ನಲ್ 6.13ರಲ್ಲಿ ಅದನ್ನು ಕಿತ್ತೇ ಹಾಕಿದ್ದಾರೆ. ಬೀಕ್ಯಾಶ್‌ಎಫ್‌ಎಸ್ ಕೂಡ 6.7ರಲ್ಲಿ ಒಳಗೆ ಬಂದು 6.18ರಲ್ಲಿ ಹೊರಗೆ ಹೋಯ್ತು. ಒಳಗಿದ್ದರೆ ನೆಮ್ಮದಿ ಅಂತೀರಲ್ಲ ಬಳ್ಳಾರಿಯವರೇ, ಒಳಗಿದ್ದವರನ್ನೂ ಓಡಿಸ್ತಾರೆ.

ಬಳ್ಳಾರಿ ಜೀನ್ಸ್ ಯೂನಿಟ್:
ಎಕ್ಸ್ಟ್ 4 ಓಡಿಸಿದ ದಿನ ಬಂದು ಹೇಳಿ. ಮಿರ್ಚಿ ಮಂಡಕ್ಕಿ ನನ್ನ ಲೆಕ್ಕದಲ್ಲಿ.

ಸಿರುಗುಪ್ಪ ಸರ್ವಿಸ್:
ಕೊಪ್ಪಳದವರೇ, ನಿಮ್ಮನ್ನು ಯಾರೂ ಕೇಳ್ತಿಲ್ಲ. ಡಿಕೆಎಂಎಸ್ ಸ್ಟೇಟಸ್ ಏನು ಹೇಳುತ್ತೆ? ಕರ್ನಲ್ ಹೆಡರ್ಸ್ (ಮಾಡ್ಯೂಲ್ ಕಟ್ಟೋಕೆ ಬೇಕಾದ ಫೈಲು) ಹಾಕಿದ್ದೀರಾ? ಪ್ಯಾಕೇಜ್ ಪಟ್ಟಿಯಲ್ಲಿ ಕಾಂಟ್ರಿಬ್ ವಿಭಾಗದ ಸಾಲು ಹೊಸ ರಿಲೀಸಿಗೆ ಬದಲಾಗಿದೆಯಾ? ಜೆಡ್‌ಎಫ್‌ಎಸ್ ಬರೋದು ಅಲ್ಲಿಂದಲೇ.

ಕೊಪ್ಪಳ ಸ್ಟುಡಿಯೋ:
ಸ್ಟೇಟಸ್‌ನಲ್ಲಿ 2.1.11 ಅಂತಿದೆ, ಅದೂ 6.1 ಕರ್ನಲ್‌ಗೆ ಮಾತ್ರ. ಹೆಡರ್ಸ್ 6.1ರದ್ದು ಮಾತ್ರ ಇತ್ತು. ಕಾಂಟ್ರಿಬ್ ಬೇರೆ ಫೈಲಿನಲ್ಲಿ ಬರೆದಿಟ್ಟಿದ್ದೆ, ಅದರಲ್ಲಿ ಇನ್ನೂ ಬುಕ್‌ವರ್ಮ್ (ಡೆಬಿಯನ್ 12ರ ಹೆಸರು) ಅಂತಲೇ ಇದೆ. ಟ್ರಿಕ್ಸಿ (13ರ ಹೆಸರು) ಮಾಡೋದು ಮರೆತಿದ್ದೇನೆ.

ಸಿರುಗುಪ್ಪ ಸರ್ವಿಸ್:
ಅಷ್ಟೇ. 2.1.11ಗೆ 6.12 ಕರ್ನಲ್ ಗೊತ್ತೇ ಇಲ್ಲ, ಹೆಡರ್ಸ್ ಇದ್ದರೂ ಕಟ್ಟೋಕೆ ಆಗಲ್ಲ. ಸಾಲು ಬದಲಾಯಿಸಿ, ಲಿನಕ್ಸ್ ಹೆಡರ್ಸ್ ಎಎಮ್‌ಡಿ64 ಪ್ಯಾಕೇಜ್ ಹಾಕಿ, ಆಮೇಲೆ ಜೆಡ್‌ಎಫ್‌ಎಸ್ ಪ್ಯಾಕೇಜ್ ಅಪ್‌ಗ್ರೇಡ್ ಮಾಡಿ. ಡಿಸ್ಕ್ ಮುಟ್ಟಬೇಡಿ.

ಕೊಪ್ಪಳ ಸ್ಟುಡಿಯೋ:
2.3.2 ಬಂತು. ಹಳೇ ಐ3, ಕಟ್ಟೋಕೆ 14 ನಿಮಿಷ ತಗೊಂತು, ಫ್ಯಾನ್ ಕಿರುಚಿ ಕಿರುಚಿ ಸುಸ್ತಾಯ್ತು. ಮೋಡ್‌ಪ್ರೋಬ್ ಮಾಡಿದೆ, ಇಂಪೋರ್ಟ್ ಮಾಡಿದೆ, ಪೂರ್ತಿ ಬಂತು. ಆಲ್ಬಮ್ ಫೋಲ್ಡರ್ ತೆಗೆದು ಮೊದಲು ತಾಳಿ ಕಟ್ಟೋ ಫೋಟೋ ನೋಡಿದೆ, ಇದೆ. ಪೂಲ್ ಸ್ಟೇಟಸ್‌ನಲ್ಲಿ ಕೆಲವು ಫೀಚರ್ ಆನ್ ಆಗಿಲ್ಲ, ಜೆಡ್‌ಪೂಲ್ ಅಪ್‌ಗ್ರೇಡ್ ಮಾಡು ಅಂತಿದೆ. ಮಾಡಲಾ?

ರಾಯಚೂರು ಡಿಟಿಪಿ:
ನಾನು ಮೇಲೆ ಇಷ್ಟುದ್ದ ಬರೆದದ್ದು ಓದಲೇ ಇಲ್ಲ ಅಲ್ವಾ?

ಗಂಗಾವತಿ ರೈಸ್‌ಮಿಲ್:
ನೋಡಿ, ಸಿರುಗುಪ್ಪದವರು ಬಿಟ್ಟಿ ಹೇಳಿದರು. ನನ್ನ ಹತ್ತಿರ ಬಂದವನೂ ಈ ಡಿಕೆಎಂಎಸ್ ಸ್ಟೇಟಸ್ ಒಂದು ಸಾಲು ಹೊಡೆದಿದ್ದರೆ 3,500 ಉಳಿಯುತ್ತಿತ್ತು.

ಸಿರುಗುಪ್ಪ ಸರ್ವಿಸ್:
ನಿಮ್ಮದು ಸೆಲ್ ಪ್ರಾಬ್ಲಮ್ ರೀ. ಸ್ಟೇಟಸ್‌ನಲ್ಲಿ ಎಲ್ಲಾ ಇನ್‌ಸ್ಟಾಲ್ ಆಗಿದೆ ಅಂತಲೇ ಬರ್ತಿತ್ತು.